ಲೆಟಿಸ್ ಸಲಾಡ್ ಮೈಗೆ ಹತ್ತಬೇಕಾದರೆ: ಎಲೆ ಆರಿಸುವುದರಿಂದ ಡ್ರೆಸ್ಸಿಂಗ್ ಕಲಸುವವರೆಗೆ

ತೂಕ ಇಳಿಸಬೇಕು ಅಂದುಕೊಂಡ ಕೂಡಲೇ ತಟ್ಟೆಗೆ ಮೊದಲು ಬರುವುದು ಲೆಟಿಸ್ ಸಲಾಡ್. ಅದೇ ದಿನ ತಟ್ಟೆಯಿಂದ ಹೊರಗೆ ಹೋಗುವುದು ಡ್ರೆಸ್ಸಿಂಗ್, ಅಂದರೆ ಎಲೆಗೆ ಕಲಸುವ ಎಣ್ಣೆ, ಹುಳಿ, ಕೆನೆಯ ಮಿಶ್ರಣ. ಎಣ್ಣೆ ಬೇಡ, ಕೆನೆ ಬೇಡ, ಬರೀ ಎಲೆಗೆ ನಿಂಬೆ ಹಿಂಡಿ ತಿಂದುಬಿಡೋಣ ಅನ್ನುವ ಲೆಕ್ಕ. ಅಂಥ ಸಲಾಡನ್ನು ನಾಲ್ಕು ದಿನ ತಿನ್ನುವಷ್ಟರಲ್ಲಿ ಬೇಜಾರು ಬಂದಿರುತ್ತದೆ, ಅದು ಬೇರೆ ಮಾತು. ಬೇಜಾರಿಲ್ಲದೆ ತಿಂದರೂ ಆ ಎಲೆಯಲ್ಲಿರುವ ಒಳ್ಳೆಯ ಅಂಶಗಳಲ್ಲಿ ದೊಡ್ಡ ಪಾಲು ಮೈಗೆ ಹತ್ತುವುದೇ ಇಲ್ಲ.

ಇನ್ನು ಕೆಲವರು ಬಾಟಲಿ ಬಗ್ಗಿಸಿ ಎಲೆ ಮುಳುಗುವಷ್ಟು ಸುರಿದುಕೊಳ್ಳುತ್ತಾರೆ. ಆಮೇಲೆ "ರಾತ್ರಿ ಬರೀ ಸಲಾಡ್ ತಿಂದೆ" ಅನ್ನುತ್ತಾರೆ. ಅವರು ತಿಂದಿದ್ದರಲ್ಲಿ ಎಲೆಯ ಕ್ಯಾಲೊರಿ ಹದಿನೈದಾದರೆ, ಮೇಲೆ ಸುರಿದಿದ್ದರ ಕ್ಯಾಲೊರಿ ಮುನ್ನೂರು ದಾಟಿರುತ್ತದೆ.

ಎರಡೂ ಕಡೆಯವರಿಗೆ ನಾನು ಹೇಳುವುದು ಒಂದೇ. ಡ್ರೆಸ್ಸಿಂಗ್ ಸಲಾಡಿನ ಶತ್ರುವಲ್ಲ. ಎಲೆಯಲ್ಲಿರುವುದನ್ನು ನಿಮ್ಮ ರಕ್ತಕ್ಕೆ ತಲುಪಿಸುವ ಕೆಲಸ ಅದರದ್ದೇ. ಆದರೆ ಅದನ್ನು ಕಣ್ಣಳತೆಯಲ್ಲಿ ಹಾಕಬಾರದು, ಚಮಚದಲ್ಲಿ ಅಳೆದು ಹಾಕಬೇಕು. ಈ ಬರಹದಲ್ಲಿ ದೊಡ್ಡ ಚಮಚ ಅಂದರೆ 15 ಮಿ.ಲೀ., ಚಿಕ್ಕ ಚಮಚ ಅಂದರೆ 5 ಮಿ.ಲೀ.

ಹಂತ 1: ಸರಿಯಾದ ಎಲೆ ಆರಿಸಿ

ಲೆಟಿಸ್‌ನಲ್ಲಿ ನೂರಕ್ಕೆ ತೊಂಬತ್ತೈದು ಪಾಲು ನೀರು. 100 ಗ್ರಾಂ ತಿಂದರೆ ಸಿಗುವುದು 13ರಿಂದ 17 ಕ್ಯಾಲೊರಿ. ಪ್ರೋಟೀನ್ ಒಂದು ಗ್ರಾಂ ಆಸುಪಾಸು. ನಾರು ಒಂದರಿಂದ ಎರಡು ಗ್ರಾಂ. ಇಷ್ಟನ್ನು ನೋಡಿ "ಲೆಟಿಸ್‌ನಲ್ಲಿ ಏನೂ ಇಲ್ಲ, ಸುಮ್ನೆ ಅಗಿಯೋದು" ಅನ್ನುವವರು ತುಂಬಾ ಜನ. ಯಾವ ಲೆಟಿಸ್ ಅಂತ ಮಾತ್ರ ಅವರು ಹೇಳುವುದಿಲ್ಲ. ವಿಷಯ ಇರುವುದೇ ಅಲ್ಲಿ.

ಎಲೆಕೋಸಿನ ಹಾಗೆ ಗಟ್ಟಿ ಉಂಡೆ ಕಟ್ಟಿರುವ, ಒಳಗೆಲ್ಲ ಬೆಳ್ಳಗಿರುವ ಲೆಟಿಸ್ ಇದೆಯಲ್ಲ, ಅದು ಐಸ್‌ಬರ್ಗ್. ಉದ್ದ ಎಲೆ, ನಡುವೆ ದಪ್ಪ ದಂಟು ಇರುವುದು ರೊಮೇನ್. ಇವೆರಡನ್ನೂ 100 ಗ್ರಾಂ ಲೆಕ್ಕದಲ್ಲಿ ಪಕ್ಕಪಕ್ಕ ಇಟ್ಟು ನೋಡಿ. ವಿಟಮಿನ್ ಎ ಐಸ್‌ಬರ್ಗ್‌ನಲ್ಲಿ ಸುಮಾರು 25 ಮೈಕ್ರೋಗ್ರಾಂ, ರೊಮೇನ್‌ನಲ್ಲಿ ಸುಮಾರು 436. ಫೋಲೇಟ್ (ಬಿ ಗುಂಪಿನ ಒಂದು ವಿಟಮಿನ್) ಅಲ್ಲಿ 29, ಇಲ್ಲಿ 136. ವಿಟಮಿನ್ ಕೆ ಅಲ್ಲಿ 24, ಇಲ್ಲಿ 102. ದೊಡ್ಡವರಿಗೆ ದಿನಕ್ಕೆ ವಿಟಮಿನ್ ಎ 700ರಿಂದ 900 ಮೈಕ್ರೋಗ್ರಾಂ, ಫೋಲೇಟ್ 400, ವಿಟಮಿನ್ ಕೆ 90ರಿಂದ 120 ಬೇಕು ಎಂದು ಅಮೆರಿಕದ ಪೋಷಕಾಂಶ ಪಟ್ಟಿಗಳು ಹೇಳುತ್ತವೆ. ಅಂದರೆ ಎರಡು ಕಪ್ ಹೆಚ್ಚಿದ ರೊಮೇನ್ (ಹತ್ತಿರ ಹತ್ತಿರ 100 ಗ್ರಾಂ) ಒಂದು ದಿನದ ವಿಟಮಿನ್ ಕೆ ಬಹುಪಾಲು ಕೊಡುತ್ತದೆ. ಫೋಲೇಟ್‌ನ ಮೂರನೇ ಒಂದು ಪಾಲು ಕೊಡುತ್ತದೆ. ಬರೀ 17 ಕ್ಯಾಲೊರಿಗೆ ಇದು ಕಡಿಮೆಯೇನಲ್ಲ.

ಇಷ್ಟು ವ್ಯತ್ಯಾಸ ಯಾಕೆ? ಬಿಸಿಲು. ದೇಹ ವಿಟಮಿನ್ ಎ ಆಗಿ ಬದಲಾಯಿಸಿಕೊಳ್ಳುವ ಬೀಟಾ ಕ್ಯಾರೊಟಿನ್, ಅದರ ಜೊತೆಯ ಲ್ಯೂಟಿನ್ ಇವೆಲ್ಲ ಎಲೆ ಬೆಳಕನ್ನು ಹಿಡಿಯಲು ಬಳಸುವ ಬಣ್ಣಗಳು. ಬೆಳಕು ಬಿದ್ದ ಎಲೆಯಲ್ಲಿ ಅವು ತುಂಬುತ್ತವೆ. ಉಂಡೆಯೊಳಗೆ ಅಡಗಿದ ಎಲೆಗೆ ಬೆಳಕೇ ಬೀಳದಿದ್ದರೆ ಬಣ್ಣ ಎಲ್ಲಿಂದ ಬರಬೇಕು? ಹೀಗಾಗಿ ಒಂದೇ ಗಿಡದಲ್ಲೂ ಹೊರಗಿನ ಕಡು ಹಸಿರು ಎಲೆಗಳಲ್ಲಿ ಇವು ಜಾಸ್ತಿ, ಒಳಗಿನ ಬಿಳಿ ತಿರುಳಿನಲ್ಲಿ ಕಡಿಮೆ. ಹೊರಗಿನ ಎಲೆ ಒರಟು ಅಂತ ಕಿತ್ತೆಸೆದು ಒಳಗಿನ ಎಳೆಯದನ್ನೇ ತಿನ್ನುವ ಅಭ್ಯಾಸ ಇದ್ದರೆ ಬಿಡಿ. ಹೊರ ಎಲೆಯನ್ನು ಸಣ್ಣಗೆ ಹೆಚ್ಚಿ ಬೆರೆಸಿದರೆ ಒರಟು ಗೊತ್ತಾಗುವುದಿಲ್ಲ.

ಉಳಿದವು ಹೆಚ್ಚಿನ ವಿಷಯಗಳಲ್ಲಿ ಇವೆರಡರ ನಡುವೆ ಬರುತ್ತವೆ. ಬಟರ್‌ಹೆಡ್ ಮೆತ್ತಗೆ, ಬಾಯಲ್ಲಿ ಕರಗುವಂಥದ್ದು. ವಿಟಮಿನ್ ಎ 166 ಮೈಕ್ರೋಗ್ರಾಂ ಇದ್ದರೂ ವಿಟಮಿನ್ ಕೆ ವಿಷಯದಲ್ಲಿ ರೊಮೇನ್‌ಗೆ ಸಮ. ಉಂಡೆ ಕಟ್ಟದೆ ಬಿಡಿಬಿಡಿಯಾಗಿ ಹರಡಿಕೊಳ್ಳುವ ಹಸಿರು ಎಲೆ ಲೆಟಿಸ್‌ನಲ್ಲಿ ವಿಟಮಿನ್ ಎ 370, ವಿಟಮಿನ್ ಕೆ 126. ವಿಟಮಿನ್ ಸಿ ಕೂಡ ಸ್ವಲ್ಪ ಹೆಚ್ಚು, 9 ಮಿಲಿಗ್ರಾಂ. ಕೆಂಪು ಎಲೆಯದಕ್ಕೆ ಆ ಬಣ್ಣ ಬರುವುದು ಆಂಥೋಸಯನಿನ್‌ನಿಂದ. ನೇರಳೆ ಬಣ್ಣದ ಹಣ್ಣುಗಳಲ್ಲಿ ಇರುವುದೂ ಇದೇ ಗುಂಪಿನ ಬಣ್ಣ.

ಹಾಗಂತ ಐಸ್‌ಬರ್ಗ್ ಕಂಡರೆ ಮೂಗು ಮುರಿಯಬೇಕಿಲ್ಲ. ಅದರ ಕುರುಕು ಬೇರೆ ಯಾವ ಲೆಟಿಸ್‌ಗೂ ಬರುವುದಿಲ್ಲ. ಅರ್ಧ ಐಸ್‌ಬರ್ಗ್, ಅರ್ಧ ರೊಮೇನ್ ಹಾಕಿ. ಮಕ್ಕಳಿರುವ ಮನೆಯಲ್ಲಂತೂ ಇದೇ ಸುಲಭದ ದಾರಿ.

ಕೊಳ್ಳುವಾಗ ಎರಡು ಕಡೆ ನೋಡಿದರೆ ಸಾಕು. ಬುಡದಲ್ಲಿ ಕತ್ತರಿಸಿದ ಜಾಗ ಬೆಳ್ಳಗೆ ಅಥವಾ ತಿಳಿ ಕಂದಾಗಿದ್ದರೆ ಹೊಸದು. ಕಡು ಕಂದಾಗಿ ಒಣಗಿದ್ದರೆ ಹಳೆಯದು. ಎಲೆಯ ಅಂಚು ಲೋಳೆಯಾಗಿದ್ದರೆ ತೆಗೆದುಕೊಳ್ಳಲೇಬೇಡಿ. ಮನೆಯಲ್ಲಿ ಬೆಳೆಯುವವರಿಗೆ ಇನ್ನೊಂದು ಮಾತು: ಗಿಡ ಹೂವಿನ ದಂಟು ಎತ್ತಲು ಶುರು ಮಾಡಿದರೆ ಎಲೆ ಕಹಿಯಾಗುತ್ತದೆ. ಕತ್ತರಿಸಿದಾಗ ಒಸರುವ ಬಿಳಿ ಹಾಲಿನಲ್ಲಿ ಇರುವ ಲ್ಯಾಕ್ಟುಸಿನ್ ಮುಂತಾದ ಅಂಶಗಳು ಆಗ ಹೆಚ್ಚಾಗುತ್ತವೆ. ಅದಕ್ಕೂ ಮೊದಲೇ ಕೊಯ್ದುಬಿಡಿ.

ಹಂತ 2: ತೊಳೆಯಿರಿ, ಚೆನ್ನಾಗಿ ಒಣಗಿಸಿ

ಲೆಟಿಸ್ ಬೇಯಿಸಿ ತಿನ್ನುವುದಲ್ಲ. ಕೀಟಾಣು ಇದ್ದರೆ ಅದನ್ನು ಕೊಲ್ಲುವ ಬೆಂಕಿ ನಡುವೆ ಎಲ್ಲೂ ಬರುವುದಿಲ್ಲ. 2018ರಲ್ಲಿ ಅಮೆರಿಕದಲ್ಲಿ ರೊಮೇನ್ ಲೆಟಿಸ್ ಮೂಲಕ ಇ. ಕೋಲಿ ಬ್ಯಾಕ್ಟೀರಿಯಾ ಹರಡಿ 210 ಜನ ಕಾಯಿಲೆ ಬಿದ್ದರು, ಐವರು ಸತ್ತರು. ಇಂಥದ್ದು ದಿನಾ ಆಗುವುದಿಲ್ಲ. ಆದರೆ ತೊಳೆಯುವ ಕೆಲಸವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಮೊದಲು ಕೈ ತೊಳೆಯಿರಿ. ಹೊರಗಿನ ಹರಿದ, ಬಾಡಿದ ಎಲೆ ತೆಗೆದುಹಾಕಿ. ಉಳಿದ ಎಲೆಗಳನ್ನು ಒಂದೊಂದಾಗಿ ಬಿಡಿಸಿ, ಹರಿಯುವ ನೀರಿನಲ್ಲಿ ಹಿಡಿದು ಬೆರಳಿನಿಂದ ಉಜ್ಜಿ. ದಂಟಿನ ಬುಡದ ಮಡಿಕೆಯಲ್ಲೇ ಮಣ್ಣು ಕೂತಿರುತ್ತದೆ. ಸೋಪು, ಪಾತ್ರೆ ತೊಳೆಯುವ ದ್ರವ ಬೇಡ. ಎಲೆ ಅದನ್ನು ಹೀರಿಕೊಳ್ಳಬಹುದು, ಆಮೇಲೆ ನೀವೇ ತಿನ್ನುತ್ತೀರಿ. ಪ್ಯಾಕೆಟ್ ಮೇಲೆ "ತೊಳೆದಿದೆ, ಹಾಗೇ ತಿನ್ನಬಹುದು" ಅಂತ ಬರೆದಿದ್ದರೆ ಮತ್ತೆ ತೊಳೆಯುವ ಅಗತ್ಯ ಇಲ್ಲ. ತೊಳೆಯುವುದರಿಂದ ಎಲ್ಲ ಕೀಟಾಣುಗಳೂ ಹೋಗುವುದಿಲ್ಲ, ಕಡಿಮೆಯಾಗುತ್ತವೆ ಅಷ್ಟೇ. ಗರ್ಭಿಣಿಯರು, ತುಂಬಾ ವಯಸ್ಸಾದವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಹೊರಗೆ ಹೆಚ್ಚಿಟ್ಟ ಸಲಾಡಿನ ವಿಷಯದಲ್ಲಿ ಹೆಚ್ಚು ಹುಷಾರಾಗಿರಬೇಕು.

ಎಲೆ ಸ್ವಲ್ಪ ಬಾಡಿದೆಯಾ? ಐಸ್ ಹಾಕಿದ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಬಿಡಿ. ಜೀವಕೋಶಗಳು ಮತ್ತೆ ನೀರು ಕುಡಿದು ಬಿಗಿಯಾಗುತ್ತವೆ, ಎಲೆ ಸೆಟೆದು ನಿಲ್ಲುತ್ತದೆ. ಲೋಳೆಯಾಗಿ ಕೊಳೆತದ್ದು ಮಾತ್ರ ಯಾವ ನೀರಿಗೂ ಬಗ್ಗುವುದಿಲ್ಲ.

ಇನ್ನು ಒಣಗಿಸುವುದು. ಇದನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ. ಸಲಾಡ್ ಸಪ್ಪೆಯಾಗಲು, ಡ್ರೆಸ್ಸಿಂಗ್ ಜಾಸ್ತಿ ಸುರಿಯಲು ಮುಖ್ಯ ಕಾರಣ ಇದೇ. ಎಲೆ ಮೇಲೆ ನೀರಿದ್ದರೆ ಎಣ್ಣೆ ಅಂಟುವುದಿಲ್ಲ, ಜಾರಿ ತಳಕ್ಕೆ ಇಳಿಯುತ್ತದೆ. ರುಚಿ ಸಾಲದು ಅಂತ ನೀವು ಇನ್ನೊಂದು ಚಮಚ ಹಾಕುತ್ತೀರಿ. ಅದೂ ತಳಕ್ಕೇ. ತಿರುಗಿಸಿ ನೀರು ತೆಗೆಯುವ ಬುಟ್ಟಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಗೆದ ಹತ್ತಿ ಬಟ್ಟೆಯ ಮೇಲೆ ಎಲೆ ಹರಡಿ, ಬಟ್ಟೆಯನ್ನು ಸಡಿಲವಾಗಿ ಸುತ್ತಿ, ಮೆಲ್ಲಗೆ ಒತ್ತಿ. ಎಲೆಯನ್ನು ಬೆರಳಲ್ಲಿ ಹಿಡಿದು ಕೊಡವಿದರೆ ಒಂದು ಹನಿಯೂ ಬೀಳಬಾರದು. ಅಷ್ಟು ಒಣಗಬೇಕು.

ಚಾಕುವಿನಿಂದ ಹೆಚ್ಚಬೇಕೋ, ಕೈಯಿಂದ ಹರಿಯಬೇಕೋ ಅನ್ನುವ ವಾದ ಹಳೆಯದು. ಚಾಕು ಹರಿತವಾಗಿದ್ದು, ಸಲಾಡನ್ನು ಆಗಲೇ ತಿನ್ನುವುದಾದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ನಿಮ್ಮ ಇಷ್ಟ.

ಹಂತ 3: ಎಣ್ಣೆ ಯಾಕೆ ಬೇಕು ಅನ್ನುವುದು ತಿಳಿದಿರಲಿ

ಈ ಹಂತದಲ್ಲಿ ಕೈಗೆ ಕೆಲಸ ಇಲ್ಲ. ಆದರೆ ಇದು ಗೊತ್ತಿಲ್ಲದಿದ್ದರೆ ಮುಂದಿನದ್ದು ಬರೀ ಅಡುಗೆ ಆಗುತ್ತದೆ.

ಬೀಟಾ ಕ್ಯಾರೊಟಿನ್, ಲ್ಯೂಟಿನ್, ವಿಟಮಿನ್ ಕೆ ಇವು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತವೆ. ಕರುಳಿನಲ್ಲಿ ಕೊಬ್ಬು ಬಂದಾಗ ಪಿತ್ತರಸ ಸುರಿಯುತ್ತದೆ, ಕೊಬ್ಬು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆಯುತ್ತದೆ. ಆ ಹನಿಗಳ ಜೊತೆ ಸೇರಿಕೊಂಡೇ ಈ ಪೋಷಕಾಂಶಗಳು ಕರುಳಿನ ಗೋಡೆ ದಾಟಬೇಕು. ಕೊಬ್ಬೇ ಇಲ್ಲ ಅಂದರೆ ಹೆಚ್ಚಿನ ಪಾಲು ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ.

ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ನೇರವಾಗಿ ಅಳೆದು ನೋಡಿದರು. ಪಾಲಕ್, ರೊಮೇನ್, ಟೊಮೇಟೊ, ಕ್ಯಾರೆಟ್ ಹಾಕಿದ ಒಂದೇ ಥರದ ಸಲಾಡ್. ಡ್ರೆಸ್ಸಿಂಗ್ ಮಾತ್ರ ಮೂರು ಥರ: ಎಣ್ಣೆಯೇ ಇಲ್ಲದ್ದು, 6 ಗ್ರಾಂ ಎಣ್ಣೆಯದ್ದು, 28 ಗ್ರಾಂ ಎಣ್ಣೆಯದ್ದು. ತಿಂದ ಮೇಲೆ ರಕ್ತ ಪರೀಕ್ಷಿಸಿದರು. ಎಣ್ಣೆ ಇಲ್ಲದ ಸಲಾಡ್ ತಿಂದಾಗ ಬೀಟಾ ಕ್ಯಾರೊಟಿನ್ ಗುಂಪಿನ ಬಣ್ಣಗಳಾದ ಕ್ಯಾರೊಟಿನಾಯ್ಡ್‌ಗಳು ರಕ್ತಕ್ಕೆ ಸೇರಿದ್ದು ಬಹುತೇಕ ಸೊನ್ನೆ. ಎಣ್ಣೆ ಹೆಚ್ಚಿದಂತೆ ಹೀರಿಕೆಯೂ ಹೆಚ್ಚಿತು. ಇದು ಪ್ರಕಟವಾಗಿದ್ದು 2004ರಲ್ಲಿ.

ಹಾಗಾದರೆ ಎಣ್ಣೆ ಸುರಿಯುತ್ತಾ ಹೋಗಬೇಕಾ? ಬೇಕಿಲ್ಲ. ಪರ್ಡ್ಯೂ ವಿಶ್ವವಿದ್ಯಾಲಯದವರು 2012ರಲ್ಲಿ ಯಾವ ಕೊಬ್ಬು ಎಷ್ಟು ಸಾಕು ಅಂತ ನೋಡಿದರು. ಕ್ಯಾನೋಲಾ ಎಣ್ಣೆ, ಸೋಯಾ ಎಣ್ಣೆ, ಬೆಣ್ಣೆ ಮೂರನ್ನೂ 3, 8, 20 ಗ್ರಾಂ ಲೆಕ್ಕದಲ್ಲಿ ಕೊಟ್ಟರು. ಸೋಯಾ ಎಣ್ಣೆಯಲ್ಲೂ ಬೆಣ್ಣೆಯಲ್ಲೂ ಪ್ರಮಾಣ ಏರಿದಷ್ಟೂ ಹೀರಿಕೆ ಏರಿತು. ಆದರೆ ಏಕ-ಅಪರ್ಯಾಪ್ತ ಕೊಬ್ಬು ಹೆಚ್ಚಿರುವ ಕ್ಯಾನೋಲಾದಲ್ಲಿ 3 ಗ್ರಾಂ ಹಾಕಿದರೂ 20 ಗ್ರಾಂ ಹಾಕಿದಷ್ಟೇ ಫಲ ಸಿಕ್ಕಿತು. ಆಲಿವ್ ಎಣ್ಣೆಯೂ ಇದೇ ಜಾತಿಯದ್ದು. ಇವು ಕೆಲವೇ ಜನರ ಮೇಲೆ ಮಾಡಿದ ಸಣ್ಣ ಪ್ರಯೋಗಗಳು, ಅದು ನೆನಪಿರಲಿ. ಆದರೂ ಎಲ್ಲವೂ ಒಂದೇ ದಿಕ್ಕಿಗೆ ಬೊಟ್ಟು ಮಾಡುತ್ತವೆ.

ಒಂದು ಚಿಕ್ಕ ಚಮಚ ಎಣ್ಣೆ ಸುಮಾರು 4.5 ಗ್ರಾಂ, 40 ಕ್ಯಾಲೊರಿ. ಒಂದು ದೊಡ್ಡ ಚಮಚ 13.5 ಗ್ರಾಂ, 120 ಕ್ಯಾಲೊರಿ. ಯಾವ ಎಣ್ಣೆಯಾದರೂ ಸರಿ, ಎಷ್ಟೇ ದುಬಾರಿಯದಾದರೂ ಸರಿ, ಕ್ಯಾಲೊರಿ ಇಷ್ಟೇ. ಹೊಟ್ಟೆ ಇಳಿಸುವವರು ಒಂದು ಬಟ್ಟಲಿಗೆ ಒಂದೆರಡು ಚಿಕ್ಕ ಚಮಚಕ್ಕೆ ನಿಲ್ಲಿಸಬಹುದು. ಸಲಾಡೇ ಊಟ ಅನ್ನುವವರು ಒಂದು ದೊಡ್ಡ ಚಮಚ ಹಾಕಿಕೊಳ್ಳಿ. ಒಂದು ಚಿಕ್ಕ ಚಮಚಕ್ಕಿಂತ ಕೆಳಗೆ ಇಳಿಯಬೇಡಿ, ಒಂದು ದೊಡ್ಡ ಚಮಚಕ್ಕಿಂತ ಮೇಲೆ ಹೋಗಲು ಕಾರಣವೂ ಇಲ್ಲ.

ಕೊಬ್ಬು ಎಣ್ಣೆಯಿಂದಲೇ ಬರಬೇಕು ಅಂತೇನಿಲ್ಲ. ಬೆಣ್ಣೆಹಣ್ಣು ಹಾಕಿದ ಸಲಾಡಿನಲ್ಲಿ ಬೀಟಾ ಕ್ಯಾರೊಟಿನ್ ಹೀರಿಕೆ ಹತ್ತು ಪಟ್ಟಿಗೂ ಮೀರಿ ಏರಿದ್ದನ್ನು ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ 2005ರ ಅಧ್ಯಯನ ತೋರಿಸಿತು. ಬೇಯಿಸಿದ ಇಡೀ ಮೊಟ್ಟೆ ಸೇರಿಸಿದಾಗಲೂ ಹೀರಿಕೆ ಹಲವು ಪಟ್ಟು ಹೆಚ್ಚಿತು, ಇದು 2015ರ ಪರ್ಡ್ಯೂ ಅಧ್ಯಯನ. ಗಮನಿಸಿ, ಇಡೀ ಮೊಟ್ಟೆ. ಹಳದಿ ತೆಗೆದು ಬಿಳಿ ಮಾತ್ರ ಹಾಕಿದರೆ ಕೊಬ್ಬು ಸಿಗುವುದಿಲ್ಲ. ಬಾದಾಮಿ, ಅಕ್ರೋಟು, ಎಳ್ಳು ಇವೂ ಆಗುತ್ತವೆ.

ಹಂತ 4: ಡ್ರೆಸ್ಸಿಂಗ್ ಮಾಡುವ ಕ್ರಮ

ಮೂರು ಥರ ಹೇಳುತ್ತೇನೆ. ಮೊದಲನೆಯದು ಕೈಗೆ ಹತ್ತಿದರೆ ಉಳಿದವು ತಾನಾಗಿ ಬರುತ್ತವೆ.

ನಿಂಬೆ ಮತ್ತು ಎಣ್ಣೆಯದು, ನಾಲ್ಕು ಬಟ್ಟಲಿಗೆ:

- ನಿಂಬೆರಸ ಅಥವಾ ವಿನೆಗರ್ 2 ದೊಡ್ಡ ಚಮಚ
- ಆಲಿವ್ ಅಥವಾ ಇಷ್ಟವಾದ ಯಾವುದೇ ಎಣ್ಣೆ 4 ದೊಡ್ಡ ಚಮಚ
- ಸಾಸಿವೆ ಪೇಸ್ಟ್ 1 ಚಿಕ್ಕ ಚಮಚ
- ಜೇನುತುಪ್ಪ ಅರ್ಧ ಚಿಕ್ಕ ಚಮಚ
- ಉಪ್ಪು ಕಾಲು ಚಿಕ್ಕ ಚಮಚ
- ಕಾಳುಮೆಣಸಿನ ಪುಡಿ ಒಂದು ಚಿಟಿಕೆ

ಮುಚ್ಚಳ ಬಿಗಿಯಾಗಿರುವ ಗಾಜಿನ ಬಾಟಲಿ ತೆಗೆದುಕೊಳ್ಳಿ. ಮೊದಲು ನಿಂಬೆರಸ, ಉಪ್ಪು ಎರಡೇ ಹಾಕಿ ಕುಲುಕಿ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಹರಳು ಹರಳಾಗಿ ತಳದಲ್ಲಿ ಉಳಿಯುತ್ತದೆ, ಒಂದು ತುತ್ತು ಸಪ್ಪೆ, ಇನ್ನೊಂದು ತುತ್ತು ಉಪ್ಪು. ಉಪ್ಪು ಕರಗಿದ ಮೇಲೆ ಸಾಸಿವೆ ಪೇಸ್ಟ್, ಜೇನು, ಮೆಣಸಿನ ಪುಡಿ ಹಾಕಿ ಮತ್ತೆ ಕುಲುಕಿ. ಕೊನೆಗೆ ಎಣ್ಣೆಯನ್ನು ಎರಡು ಮೂರು ಸಲಕ್ಕೆ ಸೇರಿಸಿ, ಪ್ರತಿ ಸಲವೂ ಜೋರಾಗಿ ಅರ್ಧ ನಿಮಿಷ ಕುಲುಕಿ. ಬಾಟಲಿ ಒಳಗೆ ಎಣ್ಣೆ ಒಂದು ಪದರ, ರಸ ಒಂದು ಪದರ ಅಂತ ಕಾಣುತ್ತಿದ್ದದ್ದು ಹೋಗಿ, ಎರಡೂ ಸೇರಿ ಮಬ್ಬು ಹಳದಿಯಾಗಿ ಸ್ವಲ್ಪ ದಪ್ಪಗಾಗುತ್ತದೆ. ಸಾಸಿವೆ ಇಲ್ಲಿ ರುಚಿಗೆ ಮಾತ್ರ ಅಲ್ಲ. ಎಣ್ಣೆಯ ಹನಿಗಳು ಮತ್ತೆ ಒಂದಾಗದಂತೆ ತಡೆಯುವುದೂ ಅದೇ. ಸ್ವಲ್ಪ ಹೊತ್ತಿಗೆ ಬೇರೆಯಾದರೆ ಚಿಂತೆ ಇಲ್ಲ, ಮತ್ತೆ ಕುಲುಕಿದರಾಯಿತು.

ರುಚಿ ನೋಡುವಾಗ ಚಮಚದಲ್ಲಿ ನೆಕ್ಕಬೇಡಿ. ಬರೀ ಡ್ರೆಸ್ಸಿಂಗ್ ಯಾವಾಗಲೂ ಜಾಸ್ತಿ ಹುಳಿ, ಜಾಸ್ತಿ ಉಪ್ಪು ಅನ್ನಿಸುತ್ತದೆ. ಒಂದು ಲೆಟಿಸ್ ಎಲೆ ಅದ್ದಿ, ಕೊಡವಿ, ತಿಂದು ನೋಡಿ. ಎಲೆಯ ನೀರಿನ ಜೊತೆ ಸೇರಿದಾಗ ಸರಿ ಇದ್ದರೆ ಸರಿ.

ಒಂದು ಪಾಲು ಹುಳಿಗೆ ಮೂರು ಪಾಲು ಎಣ್ಣೆ ಅನ್ನುವುದು ಫ್ರೆಂಚ್ ಅಡುಗೆಯ ಹಳೆಯ ಅಳತೆ. ನಾನು ಎರಡು ಪಾಲಿಗೆ ಇಳಿಸಿದ್ದೇನೆ. ಹುಳಿ ಮುಂದಿದ್ದರೆ ಕಡಿಮೆ ಡ್ರೆಸ್ಸಿಂಗ್‌ನಲ್ಲೇ ನಾಲಿಗೆಗೆ ಸಾಕಾಗುತ್ತದೆ. ಈ ಅಳತೆಯಲ್ಲಿ ಒಂದು ಬಟ್ಟಲಿನ ಪಾಲಿಗೆ ಬರುವುದು ಸುಮಾರು 120 ಕ್ಯಾಲೊರಿ, 160 ಮಿಲಿಗ್ರಾಂ ಸೋಡಿಯಂ. ನಿಂಬೆರಸಕ್ಕೆ ಇನ್ನೊಂದು ಉಪಯೋಗವೂ ಇದೆ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವನ್ನು ದೇಹ ಸುಲಭಕ್ಕೆ ಹೀರುವುದಿಲ್ಲ. ಅದೇ ತುತ್ತಿನಲ್ಲಿ ವಿಟಮಿನ್ ಸಿ ಇದ್ದರೆ ಹೀರಿಕೆ ಹೆಚ್ಚುತ್ತದೆ. ವಿನೆಗರ್‌ನಿಂದ ವಿಟಮಿನ್ ಸಿ ಸಿಗುವುದಿಲ್ಲ.

ಎರಡನೆಯದು ಮೊಸರಿನದು. ಅರ್ಧ ಕಪ್ ಗಟ್ಟಿ ಮೊಸರು, ಒಂದು ದೊಡ್ಡ ಚಮಚ ನಿಂಬೆರಸ, ಜಜ್ಜಿದ ಬೆಳ್ಳುಳ್ಳಿ ಒಂದು ಎಸಳು, ಉಪ್ಪು, ಮೆಣಸಿನ ಪುಡಿ, ಸಣ್ಣಗೆ ಹೆಚ್ಚಿದ ಪುದೀನ. ಇಷ್ಟಕ್ಕೇ ನಿಲ್ಲಿಸುವವರು ಜಾಸ್ತಿ. ಆದರೆ ಕೆನೆ ತೆಗೆದ ಮೊಸರಾದರೆ ಇದರಲ್ಲಿ ಕೊಬ್ಬು ಇಲ್ಲವೇ ಇಲ್ಲ ಅನ್ನಬೇಕು. ಹಿಂದಿನ ಹಂತದ ಮಾತು ಮರೆಯದೆ ಎರಡು ಚಿಕ್ಕ ಚಮಚ ಎಣ್ಣೆ ಸೇರಿಸಿ ಕಲಸಿ. ಎರಡು ಪಾಲು ಮಾಡಿದರೆ ಒಂದಕ್ಕೆ 80 ಕ್ಯಾಲೊರಿ ಆಸುಪಾಸು. ಬಾಟಲಿಯ ಕೆನೆ ಡ್ರೆಸ್ಸಿಂಗ್ ಬಿಡಲಾಗದವರಿಗೆ ಇದು ಒಳ್ಳೆಯ ಬದಲಿ.

ಮೂರನೆಯದು ಎಳ್ಳಿನದು. ನುಣ್ಣಗೆ ಅರೆದ ಎಳ್ಳಿನ ಪೇಸ್ಟ್ ಎರಡು ದೊಡ್ಡ ಚಮಚಕ್ಕೆ ಒಂದು ದೊಡ್ಡ ಚಮಚ ನಿಂಬೆರಸ, ಉಪ್ಪು ಹಾಕಿ ಕಲಸಿ. ಪೇಸ್ಟ್ ಸಡಿಲವಾಗುವ ಬದಲು ಗಟ್ಟಿಯಾಗಿ ಮುದ್ದೆ ಕಟ್ಟುತ್ತದೆ. ಹಾಳಾಯಿತು ಅಂತ ಗಾಬರಿ ಬೇಡ. ಚಮಚ ಚಮಚವಾಗಿ ನೀರು ಸೇರಿಸುತ್ತಾ ಕಲಸಿ, ಇದ್ದಕ್ಕಿದ್ದ ಹಾಗೆ ಬಿಳಿಯಾಗಿ, ಸುರಿಯುವ ಹದಕ್ಕೆ ಬರುತ್ತದೆ. ಇದಕ್ಕೆ ಬೇರೆ ಎಣ್ಣೆ ಬೇಡ. ಎಳ್ಳಿನಲ್ಲಿರುವುದೇ ಸಾಕು.

ಹಂತ 5: ಕಲಸುವುದು

ನಿಮಗೆ ಬೇಕು ಅನ್ನಿಸುವುದಕ್ಕಿಂತ ದೊಡ್ಡ ಪಾತ್ರೆ ತೆಗೆದುಕೊಳ್ಳಿ. ಮೊದಲು ಡ್ರೆಸ್ಸಿಂಗ್ ಅರ್ಧ ಹಾಕಿ, ಕೈಯಿಂದಲೇ ಎಲೆಯನ್ನು ತಳದಿಂದ ಎತ್ತಿ ಎತ್ತಿ ಬಿಡಿ. ಎಲೆಗಳೆಲ್ಲ ಸಣ್ಣಗೆ ಹೊಳೆಯಬೇಕು, ತಳದಲ್ಲಿ ನಿಲ್ಲಬಾರದು. ಸಾಲದಿದ್ದರೆ ಮಾತ್ರ ಉಳಿದದ್ದು ಹಾಕಿ. ಮೇಲಿಂದ ಸುರಿದು ಹಾಗೇ ಬಿಟ್ಟ ಸಲಾಡಿಗೆ ಇದಕ್ಕಿಂತ ಹೆಚ್ಚು ಡ್ರೆಸ್ಸಿಂಗ್ ಹಿಡಿಯುತ್ತದೆ. ಕಲಸಿದ್ದನ್ನು ಆಗಲೇ ತಿನ್ನಿ. ಉಪ್ಪು ಎಲೆಯ ನೀರನ್ನು ಹೊರಗೆಳೆಯುತ್ತದೆ, ಎಣ್ಣೆ ಎಲೆಯ ಮೇಣದ ಪದರದೊಳಗೆ ಇಳಿಯುತ್ತದೆ. ಇಟ್ಟಷ್ಟೂ ಜೋಲುಮುಖ ಹಾಕುತ್ತದೆ.

ಹಂತ 6: ಬಟ್ಟಲನ್ನು ಊಟವಾಗಿಸುವುದು

ಸಲಾಡ್ ತಿಂದು ಒಂದು ಗಂಟೆಗೆ ಹಸಿವಾಯಿತು ಅನ್ನುವವರ ಬಟ್ಟಲಲ್ಲಿ ಪ್ರೋಟೀನ್ ಇರುವುದಿಲ್ಲ, ಅಷ್ಟೇ. ಎರಡು ಬಟ್ಟಲಿನ ಲೆಕ್ಕ ನೋಡೋಣ.

ಮೊದಲ ಬಟ್ಟಲು: 100 ಗ್ರಾಂ ಐಸ್‌ಬರ್ಗ್, ಬಾಟಲಿಯ ಕೆನೆಭರಿತ ರ‍್ಯಾಂಚ್ ಡ್ರೆಸ್ಸಿಂಗ್ 4 ದೊಡ್ಡ ಚಮಚ, ಹುರಿದ ಬ್ರೆಡ್ ತುಂಡು 30 ಗ್ರಾಂ. ಎಲೆಗೆ 14 ಕ್ಯಾಲೊರಿ, ಡ್ರೆಸ್ಸಿಂಗ್‌ಗೆ ಸುಮಾರು 260, ಬ್ರೆಡ್‌ಗೆ 120. ಒಟ್ಟು 400ರ ಹತ್ತಿರ. ಪ್ರೋಟೀನ್ ಸುಮಾರು 5 ಗ್ರಾಂ, ನಾರು 3 ಗ್ರಾಂ.

ಎರಡನೆಯದು: 100 ಗ್ರಾಂ ರೊಮೇನ್, ತುರಿದ ಕ್ಯಾರೆಟ್ 50 ಗ್ರಾಂ, ಟೊಮೇಟೊ 100 ಗ್ರಾಂ, ಬೇಯಿಸಿದ ಕಾಬೂಲಿ ಕಡಲೆ 80 ಗ್ರಾಂ, ಬೇಯಿಸಿದ ಮೊಟ್ಟೆ ಒಂದು, ನಿಂಬೆ ಎಣ್ಣೆ ಡ್ರೆಸ್ಸಿಂಗ್ ಒಂದು ಪಾಲು. ಇದೂ ಸುಮಾರು 390 ಕ್ಯಾಲೊರಿಯೇ. ಆದರೆ ಪ್ರೋಟೀನ್ 16 ಗ್ರಾಂ, ನಾರು ಹತ್ತು ಗ್ರಾಂಗೂ ಮೇಲೆ. ರೊಮೇನ್, ಕ್ಯಾರೆಟ್ ಎರಡೇ ಸೇರಿ ಒಂದು ದಿನದ ವಿಟಮಿನ್ ಎ ಕೊಟ್ಟುಬಿಡುತ್ತವೆ. ಮೊಟ್ಟೆ ತಿನ್ನದವರು ಕಡಲೆ ಇನ್ನೊಂದು ಹಿಡಿ ಹೆಚ್ಚಿಸಿ, ಇಲ್ಲವೇ ಪನೀರ್ ಅಥವಾ ತೋಫು ಹಾಕಿ. ಎರಡೂ ಬಟ್ಟಲಿನ ಹೆಸರು ಸಲಾಡೇ, ಅಲ್ವಾ?

ಊಟಕ್ಕೆ ಮುಂಚೆ ಸಲಾಡ್ ತಿಂದರೆ ಊಟ ಕಡಿಮೆಯಾಗುತ್ತದೆ ಅನ್ನುವ ಮಾತು ಅರ್ಧ ಮಾತ್ರ ನಿಜ. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ 2004ರ ಪ್ರಯೋಗದಲ್ಲಿ ಕಡಿಮೆ ಕ್ಯಾಲೊರಿಯ ಸಲಾಡನ್ನು ದೊಡ್ಡ ಬಟ್ಟಲು ಮೊದಲು ತಿಂದವರು ಒಟ್ಟು ಊಟದಲ್ಲಿ 12 ಶೇಕಡಾ ಕ್ಯಾಲೊರಿ ಕಡಿಮೆ ತಿಂದರು. ಚೀಸ್, ಕೊಬ್ಬಿನ ಡ್ರೆಸ್ಸಿಂಗ್ ತುಂಬಿದ ಅಷ್ಟೇ ದೊಡ್ಡ ಸಲಾಡ್ ತಿಂದಾಗ 17 ಶೇಕಡಾ ಹೆಚ್ಚು ತಿಂದರು. ಬಟ್ಟಲಿನ ಗಾತ್ರ ಒಂದೇ. ಒಳಗಿದ್ದದ್ದು ಬೇರೆ.

ಬಾಟಲಿ ಕೊಳ್ಳಲೇಬೇಕಾದರೆ

ಲೇಬಲ್‌ನ ಮುಂಭಾಗ ಬಿಟ್ಟು ಹಿಂಭಾಗ ಓದಿ. ಅಲ್ಲಿ ಬರೆದಿರುವ ಕ್ಯಾಲೊರಿ ಸಾಮಾನ್ಯವಾಗಿ ಎರಡು ದೊಡ್ಡ ಚಮಚಕ್ಕೆ. ನೀವು ಸುರಿಯುವುದು ಅದಕ್ಕಿಂತ ಹೆಚ್ಚು. ಪದಾರ್ಥಗಳನ್ನು ಹೆಚ್ಚಿನ ತೂಕದಿಂದ ಕಡಿಮೆ ತೂಕದ ಕ್ರಮದಲ್ಲಿ ಬರೆದಿರುತ್ತಾರೆ. ಮೊದಲ ಮೂರರಲ್ಲಿ ಸಕ್ಕರೆ ಇದ್ದರೆ ಕೆಳಗಿಡಿ. "ಕೊಬ್ಬು ರಹಿತ" ಅನ್ನುವುದನ್ನು ನಾನಂತೂ ಕೊಳ್ಳುವುದಿಲ್ಲ. ಎಣ್ಣೆ ತೆಗೆದ ಜಾಗಕ್ಕೆ ಸಕ್ಕರೆ, ಪಿಷ್ಟ ಬಂದಿರುವುದು ಸಾಮಾನ್ಯ, ಎಲೆಯ ಪೋಷಕಾಂಶ ಮೈಗೆ ಹತ್ತುವುದಕ್ಕೂ ಅದರಿಂದ ಸಹಾಯ ಇಲ್ಲ. ಸೋಡಿಯಂ ಕೂಡ ನೋಡಿ. ಎರಡು ಚಮಚಕ್ಕೆ 250 ಮಿಲಿಗ್ರಾಂ ದಾಟುವುದು ಅಪರೂಪವಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ದಿನಕ್ಕೆ 2000 ಮಿಲಿಗ್ರಾಂ ಒಳಗೆ. ಅಂದರೆ ಐದು ಗ್ರಾಂ ಉಪ್ಪು. ಹೋಟೆಲಿನಲ್ಲಾದರೆ ಡ್ರೆಸ್ಸಿಂಗನ್ನು ಬೇರೆ ಬಟ್ಟಲಲ್ಲಿ ಕೊಡಿ ಅಂತ ಕೇಳಿ.

ವಾರ್ಫರಿನ್ ತೆಗೆದುಕೊಳ್ಳುವವರಿಗೆ

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ನುಂಗುವವರು ಲೆಟಿಸ್ ಬಿಡಬೇಕಿಲ್ಲ. ಆದರೆ ವಿಟಮಿನ್ ಕೆ ಆ ಮಾತ್ರೆಯ ಕೆಲಸಕ್ಕೆ ಎದುರು ನಿಲ್ಲುತ್ತದೆ. ಒಂದು ವಾರ ದಿನಾ ದೊಡ್ಡ ಬಟ್ಟಲು, ಇನ್ನೊಂದು ವಾರ ಏನೂ ಇಲ್ಲ ಅಂತಾದರೆ ಮಾತ್ರೆಯ ಅಳತೆ ತಪ್ಪುತ್ತದೆ. ತಿನ್ನುವ ಪ್ರಮಾಣ ವಾರದಿಂದ ವಾರಕ್ಕೆ ಹೆಚ್ಚು ಕಡಿಮೆ ಒಂದೇ ಇರಲಿ. ಹೊಸದಾಗಿ ಸಲಾಡ್ ಶುರು ಮಾಡುವ ಮುಂಚೆ ವೈದ್ಯರಿಗೆ ಹೇಳಿ.

ಎತ್ತಿಡುವುದು, ಡಬ್ಬಿಗೆ ತುಂಬುವುದು

ತೊಳೆದು ಒಣಗಿಸಿದ ಎಲೆಯನ್ನು ಒಣ ಬಟ್ಟೆ ಹಾಸಿದ ಡಬ್ಬಿಯಲ್ಲಿ ಫ್ರಿಜ್‌ಗೆ ಇಟ್ಟರೆ ನಾಲ್ಕೈದು ದಿನ ಚೆನ್ನಾಗಿರುತ್ತದೆ. ಪಕ್ಕದಲ್ಲಿ ಸೇಬು, ಪೇರ್, ಬಾಳೆಹಣ್ಣು ಇಡಬೇಡಿ. ಅವು ಬಿಡುವ ಎಥಿಲೀನ್ ಅನಿಲದಿಂದ ಲೆಟಿಸ್ ದಂಟಿನ ಮೇಲೆ ಕಂದು ಚುಕ್ಕೆ ಬೀಳುತ್ತವೆ.

ನಿಂಬೆ ಎಣ್ಣೆ ಡ್ರೆಸ್ಸಿಂಗ್ ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ. ಆಲಿವ್ ಎಣ್ಣೆ ಹೆಪ್ಪುಗಟ್ಟಿದಂತೆ ಕಂಡರೆ ಹತ್ತು ನಿಮಿಷ ಹೊರಗಿಡಿ, ಸರಿಹೋಗುತ್ತದೆ. ಹಸಿ ಬೆಳ್ಳುಳ್ಳಿ ಹಾಕಿದ್ದನ್ನು ಮಾತ್ರ ಎರಡು ಮೂರು ದಿನದೊಳಗೆ ಮುಗಿಸಿ, ಹೊರಗೆ ಇಡಲೇಬೇಡಿ. ಎಣ್ಣೆಯೊಳಗೆ ಗಾಳಿ ಇರುವುದಿಲ್ಲ. ಬೆಳ್ಳುಳ್ಳಿಯ ಜೊತೆ ಬಂದಿರಬಹುದಾದ ಬೊಟುಲಿಸಂ ಬ್ಯಾಕ್ಟೀರಿಯಾಕ್ಕೆ ಬೆಳೆದು ವಿಷ ಬಿಡಲು ಅಂಥ ಜಾಗವೇ ಬೇಕು. ರುಚಿಯಲ್ಲೋ ವಾಸನೆಯಲ್ಲೋ ಅದು ಗೊತ್ತಾಗುವುದಿಲ್ಲ. ಹಸಿ ಮೊಟ್ಟೆಯಿಂದ ಮಾಡಿದ ಮೇಯನೇಸ್ ಆದರೆ ಅವತ್ತೇ ಮುಗಿಸಿ.

ಕೆಲಸಕ್ಕೆ ಡಬ್ಬಿ ಕಟ್ಟುವವರು ಉದ್ದನೆಯ ಡಬ್ಬಿ ಆರಿಸಿ. ತಳಕ್ಕೆ ಡ್ರೆಸ್ಸಿಂಗ್, ಅದರ ಮೇಲೆ ಕಡಲೆ, ಆಮೇಲೆ ಕ್ಯಾರೆಟ್, ಸೌತೆಕಾಯಿ, ಎಲ್ಲಕ್ಕಿಂತ ಮೇಲೆ ಒಣ ಎಲೆ. ಡಬ್ಬಿ ನೇರವಾಗಿ ನಿಂತಿರಬೇಕು. ತಿನ್ನುವವರೆಗೂ ಫ್ರಿಜ್‌ನಲ್ಲಿಡಿ. ಹೆಚ್ಚಿದ ಲೆಟಿಸ್ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಊಟದ ಹೊತ್ತಿಗೆ ದೊಡ್ಡ ತಟ್ಟೆಗೆ ಡಬ್ಬಿ ಬೋರಲು ಹಾಕಿ, ಕಲಸಿ, ತಿನ್ನಿ.